ಹಿತ್ತಲ ಗಿಡವೇ ಸಂತೆಗೆ ಮೊದಲು

ಫುಟ್‌ಬಾಲ್ ಕ್ಲಬ್ಬುಗಳು ದಿವಾಳಿಯಾಗದಿರಲಿ ಎಂದು ಇಂಗ್ಲೆಂಡಿನಲ್ಲಿ ವೆಚ್ಚದ ಮೇಲೆ ಮಿತಿ ಹಾಕಿದರು. ಆ ಮಿತಿಯೊಳಗೆ ಉಳಿಯಲು ಅನೇಕ ಕ್ಲಬ್ಬುಗಳು ಮೊದಲು ಮಾರುವುದು ತಾವೇ ಬೆಳೆಸಿದ ಹುಡುಗರನ್ನು. ಹೀಗೇಕೆ?

2019ರ ಆಗಸ್ಟ್ 6. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪೋರ್ಟ್ಸ್‌ಮತ್ ಊರಿನ ಮೈದಾನ. ಬರ್ಮಿಂಗ್‌ಹ್ಯಾಂ ಸಿಟಿ ತಂಡದ ಪರವಾಗಿ ಒಬ್ಬ ಹುಡುಗ ಕಣಕ್ಕಿಳಿದ. ಅವನ ವಯಸ್ಸು 16 ವರ್ಷ 38 ದಿನ. ಆ ಕ್ಲಬ್ಬಿನ ಹಿರಿಯರ ತಂಡದಲ್ಲಿ ಅಷ್ಟು ಎಳೆಯ ವಯಸ್ಸಿಗೆ ಆಡಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಟ್ರೆವರ್ ಫ್ರಾನ್ಸಿಸ್ 1970ರಲ್ಲಿ ಬರೆದಿಟ್ಟ ದಾಖಲೆ ಸುಮಾರು ಅರ್ಧ ಶತಮಾನದ ನಂತರ ಅಳಿಸಿಹೋಯಿತು. ಹುಡುಗನ ಹೆಸರು ಜೂಡ್ ಬೆಲ್ಲಿಂಗ್‌ಹ್ಯಾಂ.

ಇಂದು ಆ ಹೆಸರು ಕೇಳದ ವಿದ್ಯಾರ್ಥಿ ಅಪರೂಪ. ಶನಿವಾರ ರಾತ್ರಿ ನಿದ್ದೆಗೆಟ್ಟು ಟಿ.ವಿ. ಮುಂದೆ ಕೂರುವ ಮಗನಿಗೆ ಅಪ್ಪ ಗದರಿಸುವ ಮನೆಗಳಲ್ಲೆಲ್ಲ ಈ ಹೆಸರು ಓಡಾಡುತ್ತಿರುತ್ತದೆ. ಆದರೆ ಬೆಲ್ಲಿಂಗ್‌ಹ್ಯಾಂ ಮೊದಲ ಪಂದ್ಯ ಆಡುವುದಕ್ಕೆ ಐದು ತಿಂಗಳ ಹಿಂದೆ ಅವನ ಕ್ಲಬ್ಬಿಗೆ ಏನಾಗಿತ್ತು ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ. 2019ರ ಮಾರ್ಚ್‌ನಲ್ಲಿ ಬರ್ಮಿಂಗ್‌ಹ್ಯಾಂ ಸಿಟಿಯ 9 ಅಂಕಗಳನ್ನು ಕಿತ್ತುಕೊಳ್ಳಲಾಗಿತ್ತು. ಆಟಗಾರರು ಜಗಳವಾಡಿದ್ದಕ್ಕಲ್ಲ, ಮೋಸದಾಟ ಆಡಿದ್ದಕ್ಕೂ ಅಲ್ಲ. ಕ್ಲಬ್ಬಿನ ಖರ್ಚು ಹೆಚ್ಚಾಗಿತ್ತು, ಅಷ್ಟೇ.

ಎರಡನೇ ದರ್ಜೆಯ ಲೀಗ್ ಆದ ಚಾಂಪಿಯನ್‌ಷಿಪ್‌ನಲ್ಲಿ ಮೂರು ವರ್ಷಗಳ ಅವಧಿಗೆ ಒಟ್ಟು 3 ಕೋಟಿ 90 ಲಕ್ಷ ಪೌಂಡ್‌ಗಿಂತ ಹೆಚ್ಚು ನಷ್ಟ ತೋರಿಸುವಂತಿರಲಿಲ್ಲ. ಬರ್ಮಿಂಗ್‌ಹ್ಯಾಂ ತೋರಿಸಿದ್ದು ಸುಮಾರು 4 ಕೋಟಿ 88 ಲಕ್ಷ. ಮಿತಿ ಮೀರಿದ್ದು ಹತ್ತಿರ ಹತ್ತಿರ ಒಂದು ಕೋಟಿ.

ಬೆಲ್ಲಿಂಗ್‌ಹ್ಯಾಂ ಆ ಕ್ಲಬ್ಬಿನ ಹಿರಿಯರ ತಂಡಕ್ಕೆ ಆಡಿದ್ದು ಒಂದೇ ಒಂದು ಋತು. 2020ರ ಜುಲೈನಲ್ಲಿ, 17 ತುಂಬಿ ಇನ್ನೂ ತಿಂಗಳಾಗುವ ಮೊದಲೇ, ಜರ್ಮನಿಯ ಬೊರುಸ್ಸಿಯಾ ಡಾರ್ಟ್‌ಮುಂಡ್ ಅವನನ್ನು ಕೊಂಡುಕೊಂಡಿತು. ಆಗ ವರದಿಯಾದ ಬೆಲೆ ಸುಮಾರು ಎರಡೂವರೆ ಕೋಟಿ ಪೌಂಡ್. ಬರ್ಮಿಂಗ್‌ಹ್ಯಾಂ ಅವನ 22ನೇ ನಂಬರಿನ ಅಂಗಿಯನ್ನು ಬೇರಾರಿಗೂ ಕೊಡದೆ ತೆಗೆದಿಟ್ಟಿತು. ಹದಿನೇಳರ ಹುಡುಗನಿಗೆ ಇದೇನು ಮರ್ಯಾದೆ ಎಂದು ನಕ್ಕವರಿದ್ದಾರೆ. ಮನೆಯ ಮಗ ಊರು ಬಿಟ್ಟಾಗ ಅವನ ಕೋಣೆಗೆ ಬೀಗ ಹಾಕಿಡುವ ತಾಯಿಯನ್ನು ನೋಡಿದವರು ನಗಲಾರರು.

ನಿಯಮ ಬಂದದ್ದೇಕೆ?

ಖರ್ಚಿಗೆ ಕಡಿವಾಣ ಹಾಕಿದವರನ್ನು ಖಳನಾಯಕರೆಂದು ಬಗೆಯುವ ಮೊದಲು ಬರಿ ಎಂಬ ಊರಿನ ಕತೆ ಕೇಳಬೇಕು. ಮ್ಯಾಂಚೆಸ್ಟರ್ ಪಕ್ಕದ ಪುಟ್ಟ ಪಟ್ಟಣ ಅದು. ಅಲ್ಲಿನ ಫುಟ್‌ಬಾಲ್ ಕ್ಲಬ್ ಹುಟ್ಟಿದ್ದು 1885ರಲ್ಲಿ. 1900 ಮತ್ತು 1903ರಲ್ಲಿ ಇಂಗ್ಲೆಂಡಿನ ಪ್ರತಿಷ್ಠಿತ ಎಫ್.ಎ. ಕಪ್ ಗೆದ್ದ ಕ್ಲಬ್ಬು. 2019ರ ಬೇಸಿಗೆಗೆ ಮುಂಚೆ ಅದು ನಾಲ್ಕನೇ ದರ್ಜೆಯಿಂದ ಮೂರನೇ ದರ್ಜೆಗೆ ಬಡ್ತಿಯನ್ನೂ ಪಡೆದಿತ್ತು. ಮೈದಾನದಲ್ಲಿ ಗೆದ್ದ ತಂಡ ಲೆಕ್ಕದ ಪುಸ್ತಕದಲ್ಲಿ ಸೋತಿತು. ಸಾಲ ತೀರಿಸಲು, ಸಂಬಳ ಕೊಡಲು ಹಣ ಎಲ್ಲಿಂದ ಬರುತ್ತದೆ ಎಂದು ತೋರಿಸಲಾಗದೆ 2019ರ ಆಗಸ್ಟ್ 27ರಂದು ಬರಿ ಕ್ಲಬ್ ಲೀಗಿನಿಂದಲೇ ಉಚ್ಚಾಟಿತವಾಯಿತು. 125 ವರ್ಷ ಲೀಗಿನಲ್ಲಿ ಆಡಿದ ಹೆಸರು ಒಂದು ಸಂಜೆಯಲ್ಲಿ ಪಟ್ಟಿಯಿಂದ ಮಾಯವಾಯಿತು. ಜೊತೆಗೆ ಅದರ ಯುವ ತಂಡಗಳೂ ಚದುರಿದವು. ಬ್ಯಾಗು ಬೆನ್ನಿಗೇರಿಸಿ ಶಾಲೆ ಮುಗಿಸಿ ಅಭ್ಯಾಸಕ್ಕೆ ಹೋಗುತ್ತಿದ್ದ ಮಕ್ಕಳಿಗೆ ಹೋಗಲು ಜಾಗವೇ ಇಲ್ಲ!

ಲೂಟನ್ ಟೌನ್‌ನದು ಇನ್ನೊಂದು ಬಗೆಯ ಕತೆ. ಹಿಂದಿನ ಆಡಳಿತದವರ ಹಣಕಾಸಿನ ತಪ್ಪುಗಳಿಗಾಗಿ 2008–09ರ ಋತುವನ್ನು ಆ ಕ್ಲಬ್ಬು 30 ಅಂಕಗಳ ಕೊರತೆಯಿಂದಲೇ ಆರಂಭಿಸಬೇಕಾಯಿತು. ಪರೀಕ್ಷೆಗೆ ಕೂರುವ ಮೊದಲೇ ಉತ್ತರ ಪತ್ರಿಕೆಯಲ್ಲಿ ಮೂವತ್ತು ಅಂಕ ಕಳೆದಂತೆ. ಲೂಟನ್ ಲೀಗಿನಿಂದ ಹೊರಬಿದ್ದು ಐದು ವರ್ಷ ಕೆಳಗಿನ ಹಂತದಲ್ಲಿ ಆಡಿತು. 2014ರಲ್ಲಿ ಹಿಂತಿರುಗಿತು. ಮೆಟ್ಟಿಲು ಮೆಟ್ಟಿಲಾಗಿ ಏರಿ 2023ರಲ್ಲಿ ಪ್ರೀಮಿಯರ್ ಲೀಗ್ ತಲುಪಿತು.

ಹೀಗೆ ಕ್ಲಬ್ಬುಗಳು ಸಾಲದಲ್ಲಿ ಮುಳುಗುವುದನ್ನು ತಪ್ಪಿಸಲು ಯೂರೋಪಿನ ಫುಟ್‌ಬಾಲ್ ಸಂಸ್ಥೆ ಯುಯೆಫಾ 2009–10ರ ಸುಮಾರಿಗೆ ‘ಗಳಿಸಿದಷ್ಟೇ ಖರ್ಚು ಮಾಡಿ’ ಎಂಬ ತತ್ತ್ವವನ್ನು ತಂದಿತು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಕ್ಲಬ್ಬುಗಳು 2013ರಲ್ಲಿ ತಮ್ಮದೇ ನಿಯಮ ಮಾಡಿಕೊಂಡವು. ಅದರ ತಿರುಳು ಇಷ್ಟು: ಮೂರು ವರ್ಷದಲ್ಲಿ ಒಟ್ಟು ನಷ್ಟ 10 ಕೋಟಿ 50 ಲಕ್ಷ ಪೌಂಡ್ ಮೀರಬಾರದು. ಅದರಲ್ಲೂ ಒಂದೂವರೆ ಕೋಟಿಗೆ ಮೇಲ್ಪಟ್ಟ ನಷ್ಟವನ್ನು ಮಾಲೀಕರು ಸಾಲವಾಗಿ ಅಲ್ಲ, ಬಂಡವಾಳವಾಗಿ ತಮ್ಮ ಜೇಬಿನಿಂದ ತುಂಬಿಕೊಡಬೇಕು. ಯುವ ಆಟಗಾರರ ತರಬೇತಿ, ಮಹಿಳಾ ಫುಟ್‌ಬಾಲ್, ಊರಿನ ಸಮುದಾಯ ಕಾರ್ಯ, ಕ್ರೀಡಾಂಗಣ ನಿರ್ಮಾಣ, ಇವುಗಳ ಖರ್ಚನ್ನು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಓದಿದರೆ ಒಳ್ಳೆಯ ನಿಯಮವೇ. ಮಕ್ಕಳನ್ನು ಬೆಳೆಸಿ, ಆ ಖರ್ಚಿಗೆ ವಿನಾಯಿತಿ ಇದೆ ಎಂದು ಅದು ಹೇಳುತ್ತದೆ. ಹಾಗಿದ್ದರೆ ತೊಡಕು ಎಲ್ಲಿದೆ?

ಲೆಕ್ಕದ ಪುಸ್ತಕದ ಒಂದು ಗಂಟು

ತೊಡಕು ಇರುವುದು ಲೆಕ್ಕ ಬರೆಯುವ ಕ್ರಮದಲ್ಲಿ. ವಾಣಿಜ್ಯ ಓದುವ ವಿದ್ಯಾರ್ಥಿಗಳಿಗೆ ಇದು ಸುಲಭ. ಉಳಿದವರಿಗಾಗಿ ಒಂದು ಉದಾಹರಣೆ.

ಒಂದು ಕ್ಲಬ್ಬು ಬೇರೆ ಕಡೆಯಿಂದ ಒಬ್ಬ ಆಟಗಾರನನ್ನು 5 ಕೋಟಿ ಪೌಂಡ್ ಕೊಟ್ಟು ತರುತ್ತದೆ ಎನ್ನಿ. ಒಪ್ಪಂದ ಐದು ವರ್ಷಕ್ಕೆ. ಲೆಕ್ಕದ ಪುಸ್ತಕದಲ್ಲಿ ಆ 5 ಕೋಟಿಯನ್ನು ಒಂದೇ ಸಲ ಖರ್ಚು ಬರೆಯುವುದಿಲ್ಲ. ವರ್ಷಕ್ಕೆ ಒಂದು ಕೋಟಿಯಂತೆ ಐದು ವರ್ಷ ಹಂಚಿ ಬರೆಯುತ್ತಾರೆ. ಎರಡು ವರ್ಷದ ನಂತರ ಪುಸ್ತಕದಲ್ಲಿ ಅವನ ಬೆಲೆ ಮೂರು ಕೋಟಿ. ಆಗ ಅವನನ್ನು 5 ಕೋಟಿಗೇ ಮಾರಿದರೆ ಆ ವರ್ಷದ ಲಾಭ ಎರಡು ಕೋಟಿ.

ಈಗ ಅದೇ ಕ್ಲಬ್ಬಿನ ಅಕಾಡೆಮಿಯಲ್ಲಿ ಎಂಟನೇ ವಯಸ್ಸಿನಿಂದ ಬೆಳೆದ ಇನ್ನೊಬ್ಬ ಹುಡುಗ. ಅವನನ್ನು ಯಾರಿಂದಲೂ ಕೊಂಡಿಲ್ಲ. ಹಾಗಾಗಿ ಪುಸ್ತಕದಲ್ಲಿ ಅವನ ಬೆಲೆ ಸೊನ್ನೆ! ಅವನನ್ನು 5 ಕೋಟಿಗೆ ಮಾರಿದರೆ ಐದಕ್ಕೆ ಐದೂ ಕೋಟಿ ಲಾಭ, ಅದೂ ಆ ಒಂದೇ ವರ್ಷದ ಲೆಕ್ಕದಲ್ಲಿ.

ಇಷ್ಟಕ್ಕೇ ಮುಗಿಯಲಿಲ್ಲ. ಹೀಗೆ ಬಂದ 5 ಕೋಟಿ ಲಾಭವನ್ನು ತೋರಿಸಿ, 25 ಕೋಟಿ ಬೆಲೆಯ ಹೊಸ ಆಟಗಾರನನ್ನು ಐದು ವರ್ಷದ ಒಪ್ಪಂದಕ್ಕೆ ತಂದರೂ, ಸಂಬಳ ಬಿಟ್ಟರೆ, ಆ ವರ್ಷದ ಲೆಕ್ಕ ಸರಿಹೋಗುತ್ತದೆ. ಏಕೆಂದರೆ 25 ಕೋಟಿಯಲ್ಲಿ ಈ ವರ್ಷದ ಪಾಲು 5 ಕೋಟಿ ಮಾತ್ರ. ಮನೆಯ ಹಿತ್ತಲಲ್ಲಿ ಬೀಜ ಹಾಕಿ ನೀರೆರೆದು ಬೆಳೆಸಿದ ಮಾವಿನ ಮರಕ್ಕೆ ಪುಸ್ತಕದಲ್ಲಿ ಬೆಲೆಯಿಲ್ಲ, ಕಡಿದು ಮಾರಿದ ದಿನ ಮಾತ್ರ ಬೆಲೆ. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ನಮ್ಮಲ್ಲಿದೆ. ಇಂಗ್ಲೆಂಡಿನ ಫುಟ್‌ಬಾಲ್ ಲೆಕ್ಕಿಗರಿಗೆ ಹಿತ್ತಲ ಗಿಡವೇ ಎಲ್ಲ ರೋಗಕ್ಕೂ ಮದ್ದು.

ಜೂನ್ 30ರ ಗಡಿಯಾರ

ನಾಟಿಂಗ್‌ಹ್ಯಾಂ ಫಾರೆಸ್ಟ್ ಹೆಸರನ್ನು ಹಿರಿಯ ಓದುಗರು ಮರೆತಿರಲಾರರು. ಬ್ರಿಯಾನ್ ಕ್ಲಫ್ ಮಾರ್ಗದರ್ಶನದಲ್ಲಿ 1979 ಮತ್ತು 1980ರಲ್ಲಿ ಸತತ ಎರಡು ಬಾರಿ ಯೂರೋಪಿಯನ್ ಕಪ್ ಗೆದ್ದ ತಂಡ. 1979ರ ಫೈನಲ್‌ನಲ್ಲಿ ಗೆಲುವಿನ ಗೋಲು ಹೊಡೆದವನು ಅದೇ ಟ್ರೆವರ್ ಫ್ರಾನ್ಸಿಸ್. ಬರ್ಮಿಂಗ್‌ಹ್ಯಾಂನಿಂದ ಹತ್ತು ಲಕ್ಷ ಪೌಂಡ್‌ಗೆ ಫಾರೆಸ್ಟ್‌ಗೆ ಬಂದ ಬ್ರಿಟನ್ನಿನ ಮೊದಲ ‘ಮಿಲಿಯನ್ ಪೌಂಡ್’ ಆಟಗಾರ. ತಾವೇ ಬೆಳೆಸಿದ ಹುಡುಗನನ್ನು ಮಾರುವುದು ಹೊಸದೇನಲ್ಲ ಎಂಬುದಕ್ಕೆ ಇದೂ ಒಂದು ಸಾಕ್ಷಿ.

ಆ ಫಾರೆಸ್ಟ್ 1999ರಲ್ಲಿ ಪ್ರೀಮಿಯರ್ ಲೀಗಿನಿಂದ ಕೆಳಗಿಳಿದದ್ದು ಮರಳಿ ಬಂದದ್ದು 23 ವರ್ಷಗಳ ನಂತರ, 2022ರಲ್ಲಿ. ಬಡ್ತಿ ತಂದುಕೊಟ್ಟವರಲ್ಲಿ ಮುಖ್ಯನಾದವನು ಬ್ರೆನ್ನನ್ ಜಾನ್ಸನ್. ನಾಟಿಂಗ್‌ಹ್ಯಾಂನಲ್ಲೇ ಹುಟ್ಟಿದವನು, ಎಂಟನೇ ವಯಸ್ಸಿಗೆ ಕ್ಲಬ್ಬಿನ ಅಕಾಡೆಮಿ ಸೇರಿದವನು. ಅವನ ತಂದೆ ಡೇವಿಡ್ ಜಾನ್ಸನ್ ಕೂಡ ಅದೇ ಕ್ಲಬ್ಬಿಗೆ ಆಡಿದ್ದವರು.

ಮೇಲಿನ ಲೀಗಿನಲ್ಲಿ ಉಳಿಯಲು ಫಾರೆಸ್ಟ್ ಕೈಬಿಚ್ಚಿ ಆಟಗಾರರನ್ನು ಕೊಂಡಿತು. ಆದರೆ ಅದರ ನಷ್ಟದ ಮಿತಿ ಉಳಿದವರಂತೆ 10 ಕೋಟಿ 50 ಲಕ್ಷ ಇರಲಿಲ್ಲ. ಮೂರು ವರ್ಷಗಳಲ್ಲಿ ಎರಡನ್ನು ಅದು ಕೆಳಗಿನ ಲೀಗಿನಲ್ಲಿ ಕಳೆದಿತ್ತಲ್ಲ? ಕೆಳಗಿನ ಲೀಗಿನ ವರ್ಷಕ್ಕೆ 1 ಕೋಟಿ 30 ಲಕ್ಷದಂತೆ ಎರಡು, ಮೇಲಿನ ಲೀಗಿನ ವರ್ಷಕ್ಕೆ 3 ಕೋಟಿ 50 ಲಕ್ಷ, ಒಟ್ಟು 6 ಕೋಟಿ 10 ಲಕ್ಷ. ಒಂದೇ ತರಗತಿ, ಒಂದೇ ಪ್ರಶ್ನೆಪತ್ರಿಕೆ. ಆದರೆ ಹೊಸದಾಗಿ ಸೇರಿದ ವಿದ್ಯಾರ್ಥಿಗೆ ಉತ್ತರ ಬರೆಯಲು ಹಾಳೆಗಳು ಕಡಿಮೆ!

ಲೆಕ್ಕದ ವರ್ಷ ಮುಗಿಯುವುದು ಜೂನ್ 30ಕ್ಕೆ. 2023ರಲ್ಲಿ ಆ ದಿನದೊಳಗೆ ಜಾನ್ಸನ್‌ನನ್ನು ಮಾರಿದ್ದರೆ ಲೆಕ್ಕದ ಹೊರೆ ಇಳಿಯುತ್ತಿತ್ತು. ಫಾರೆಸ್ಟ್ ಕಾಯಿತು. ಅವಸರದಲ್ಲಿ ಮಾರಿದರೆ ಬೆಲೆ ಸಿಗುವುದಿಲ್ಲ ಎಂಬುದು ಅದರ ವಾದ. ಸೆಪ್ಟೆಂಬರ್ 1ರಂದು ಟಾಟನ್‌ಹ್ಯಾಂ ಕ್ಲಬ್ಬಿಗೆ ಅವನನ್ನು ಮಾರಿತು. ವರದಿಯಾದ ಬೆಲೆ 4 ಕೋಟಿ 75 ಲಕ್ಷ ಪೌಂಡ್. ಬೆಲೆ ಚೆನ್ನಾಗಿಯೇ ಬಂತು, ಆದರೆ ಎರಡು ತಿಂಗಳು ತಡವಾಯಿತು. ಮಿತಿಯನ್ನು 3 ಕೋಟಿ 45 ಲಕ್ಷದಷ್ಟು ಮೀರಿದ್ದಕ್ಕೆ 2024ರ ಮಾರ್ಚ್‌ನಲ್ಲಿ 4 ಅಂಕ ಕಡಿತ. ಮೇಲ್ಮನವಿಯೂ ತಿರಸ್ಕೃತವಾಯಿತು.

ತಾಳ್ಮೆಯಿಂದ ಒಳ್ಳೆಯ ಬೆಲೆಗೆ ಮಾರುವುದು ಬುದ್ಧಿವಂತ ವ್ಯಾಪಾರಿಯ ಲಕ್ಷಣ ಎಂದು ನಾವೆಲ್ಲ ಕಲಿತಿದ್ದೇವೆ. ಇಲ್ಲಿ ಅದೇ ತಪ್ಪಾಯಿತು. ಆದರೆ ಗಡುವು ಎಲ್ಲರಿಗೂ ಮೊದಲೇ ಗೊತ್ತಿತ್ತು, ಅದನ್ನು ಪಾಲಿಸಿದ ಇತರ ಕ್ಲಬ್ಬುಗಳಿಗೆ ಅನ್ಯಾಯವಾಗಬಾರದು ಎಂಬ ಮಾತಿನಲ್ಲೂ ಹುರುಳಿದೆ.

ಮರುವರ್ಷ ಇತರರು ಪಾಠ ಕಲಿತಿದ್ದರು. 2024ರ ಜೂನ್ ಕೊನೆಯ ವಾರ ಇಂಗ್ಲೆಂಡಿನಲ್ಲಿ ಎಳೆಯರ ಸಂತೆಯೇ ನೆರೆಯಿತು. ನ್ಯೂಕ್ಯಾಸಲ್ ತನ್ನ ಅಕಾಡೆಮಿಯ ಎಲಿಯಟ್ ಆಂಡರ್ಸನ್‌ನನ್ನು ಫಾರೆಸ್ಟ್‌ಗೆ ಮಾರಿತು. ಆ ಕ್ಲಬ್ಬಿನ ಮಾಲೀಕತ್ವದ ದೊಡ್ಡ ಪಾಲು 2021ರಿಂದ ಸೌದಿ ಅರೇಬಿಯಾದ ಸರ್ಕಾರಿ ನಿಧಿಯದು. ಹಣಕ್ಕೆ ಬರವಿಲ್ಲ. ಆದರೂ ನಿಯಮದ ಪ್ರಕಾರ ಲೆಕ್ಕಕ್ಕೆ ಬರುವುದು ಮಾಲೀಕನ ತಿಜೋರಿಯಲ್ಲ, ಕ್ಲಬ್ಬಿನ ಸ್ವಂತ ಗಳಿಕೆ. ಊರಿನ ಅಭಿಮಾನಿಯಾಗಿ ಬೆಳೆದ ಹುಡುಗ ಊರು ಬಿಟ್ಟ. 2025ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡ್ ತಂಡಕ್ಕೆ ಮೊದಲ ಪಂದ್ಯ ಆಡಿದಾಗ ಅವನು ಫಾರೆಸ್ಟ್ ಆಟಗಾರ.

ಅದೇ ಜೂನ್‌ನಲ್ಲಿ ಎವರ್ಟನ್ ತನ್ನ ಲೂಯಿಸ್ ಡಾಬಿನ್‌ನನ್ನು ಆಸ್ಟನ್ ವಿಲ್ಲಾಕ್ಕೆ ಮಾರಿತು. ವಿಲ್ಲಾ ತನ್ನ ಟಿಮ್ ಇರೋಗ್ಬುನಮ್‌ನನ್ನು ಎವರ್ಟನ್‌ಗೆ ಮಾರಿತು. ಎರಡೂ ಕಡೆ ಲೆಕ್ಕದಲ್ಲಿ ಲಾಭ. ಇದರಲ್ಲಿ ನಿಯಮಭಂಗವೇನೂ ಇಲ್ಲ. ಆದರೆ ಡಾಬಿನ್‌ನನ್ನು ವಿಲ್ಲಾ ಎರಡೇ ತಿಂಗಳಲ್ಲಿ ವೆಸ್ಟ್ ಬ್ರಾಮ್‌ವಿಚ್ ಕ್ಲಬ್ಬಿಗೆ ಎರವಲು ಕಳಿಸಿತು. ಹುಡುಗನ ಆಟ ಬೆಳೆಯಬೇಕಾದ ಜಾಗ ಯಾವುದು ಎಂಬ ಪ್ರಶ್ನೆಯನ್ನು ಆ ಜೂನ್‌ನಲ್ಲಿ ಎಷ್ಟು ಜನ ಕೇಳಿಕೊಂಡರೋ!

ಜಾಣರಿಗೆ ಕಿಂಡಿ, ಬಡವರಿಗೆ ಗೋಡೆ

ದೊಡ್ಡ ಗಳಿಕೆಯ ಕ್ಲಬ್ಬುಗಳಿಗೆ ನಿಯಮದ ನಡುವೆ ದಾರಿಗಳು ಹೊಳೆಯುತ್ತವೆ. ಲಂಡನ್ನಿನ ಚೆಲ್ಸಿ ಕ್ಲಬ್ಬು 2023ರ ಆರಂಭದಲ್ಲಿ ಕೆಲವು ಆಟಗಾರರೊಡನೆ ಎಂಟೂವರೆ ವರ್ಷದ ಒಪ್ಪಂದ ಮಾಡಿಕೊಂಡಿತು. ವರ್ಷ ಹೆಚ್ಚಾದಷ್ಟೂ ವರ್ಷಕ್ಕೆ ಬರೆಯಬೇಕಾದ ಖರ್ಚು ಕಡಿಮೆಯಲ್ಲವೆ? ಆಮೇಲೆ ಎಷ್ಟೇ ಉದ್ದದ ಒಪ್ಪಂದವಾದರೂ ಐದು ವರ್ಷಕ್ಕಿಂತ ಹೆಚ್ಚು ಹಂಚಿ ಬರೆಯುವಂತಿಲ್ಲ ಎಂದು ನಿಯಮ ತಿದ್ದಿದರು. ಕ್ರೀಡಾಂಗಣದ ಪಕ್ಕದ ತನ್ನ ಎರಡು ಹೋಟೆಲುಗಳನ್ನು ಚೆಲ್ಸಿ ತನ್ನದೇ ಬಳಗದ ಇನ್ನೊಂದು ಕಂಪೆನಿಗೆ ಮಾರಿ ಲಾಭ ತೋರಿಸಿದ್ದೂ ಉಂಟು.

ಸಣ್ಣ ಕ್ಲಬ್ಬಿಗೆ ಮಾರಲು ಹೋಟೆಲ್ ಎಲ್ಲಿದೆ? ಅದಕ್ಕಿರುವ ಆಸ್ತಿ ಎಂದರೆ ಹಳೆಯ ಕ್ರೀಡಾಂಗಣ, ನಿಷ್ಠಾವಂತ ಅಭಿಮಾನಿಗಳು, ಮತ್ತೆ ಅಕಾಡೆಮಿಯ ಮಕ್ಕಳು. ಮೊದಲೆರಡನ್ನು ಮಾರಲಾಗದು.

ನಿಯಮ ಮೀರದೆ ನಡೆದವರಿಗಾದರೂ ಫಲ ಸಿಕ್ಕಿತೆ? 2023–24ರ ಋತುವಿನಲ್ಲಿ ಮಿತಿ ಮೀರಿದ ಎವರ್ಟನ್‌ಗೆ ಮೇಲ್ಮನವಿಯ ನಂತರ ಎರಡು ಪ್ರಕರಣಗಳಲ್ಲಿ ಒಟ್ಟು 8 ಅಂಕ, ಫಾರೆಸ್ಟ್‌ಗೆ 4 ಅಂಕ ಕಡಿತವಾಯಿತು. ಆದರೂ ಎರಡೂ ಲೀಗಿನಲ್ಲಿ ಉಳಿದವು. ಅಂಕ ಕಡಿತದ ನಂತರವೂ ಫಾರೆಸ್ಟ್ 32 ಅಂಕ ಗಳಿಸಿತ್ತು. ಅಳೆದು ತೂಗಿ ಖರ್ಚು ಮಾಡಿದ ಲೂಟನ್ 26 ಅಂಕದೊಂದಿಗೆ ಕೆಳಗಿಳಿಯಿತು. ಮರುವರ್ಷ ಇನ್ನೂ ಒಂದು ಮೆಟ್ಟಿಲು ಕೆಳಗೆ ಜಾರಿತು. ದಂಡ ತೆತ್ತವರು ಉಳಿದರು, ಕಿಸೆ ನೋಡಿಕೊಂಡವರು ಇಳಿದರು.

ಹತ್ತು ವರ್ಷದ ಹುಡುಗನ ಬೆಲೆ

ಇದುವರೆಗೆ ಹೇಳಿದ್ದು ಮೇಲಿನ ಮಹಡಿಯ ಮಾತು. ಕೆಳಗಿನ ಮಹಡಿಯ ಕ್ಲಬ್ಬುಗಳಿಗೆ ಇನ್ನೊಂದು ನಿಯಮದ ಬಿಸಿ ತಟ್ಟಿದೆ. 2012ರಲ್ಲಿ ಜಾರಿಗೆ ಬಂದ ಯುವ ಆಟಗಾರರ ತರಬೇತಿ ಯೋಜನೆ ಅದು. ಅಕಾಡೆಮಿಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿ, ತರಬೇತಿಯ ಗಂಟೆಗಳು, ತರಬೇತುದಾರರ ಸಂಖ್ಯೆ, ಶಾಲೆಯ ಓದು ಎಲ್ಲಕ್ಕೂ ಅಳತೆಗೋಲು ಹಾಕಿದರು. ತರಬೇತಿಯ ಗುಣಮಟ್ಟ ಏರಿತು ಎಂಬುದರಲ್ಲಿ ಅನುಮಾನವಿಲ್ಲ. ಇಂದಿನ ಇಂಗ್ಲೆಂಡ್ ತಂಡದ ಕುಶಲಿಗರನೇಕರು ಈ ವ್ಯವಸ್ಥೆಯ ಕೂಸುಗಳೇ.

ಆದರೆ ಜೊತೆಗೇ ಎರಡು ಬದಲಾವಣೆಗಳಾದವು. ಮನೆಯಿಂದ ಒಂದೂವರೆ ಗಂಟೆ ಪ್ರಯಾಣದೊಳಗಿನ ಮಕ್ಕಳನ್ನು ಮಾತ್ರ ಸೇರಿಸಿಕೊಳ್ಳಬೇಕೆಂಬ ಹಳೆಯ ಕಟ್ಟುಪಾಡು ಅತ್ಯುನ್ನತ ದರ್ಜೆಯ ಅಕಾಡೆಮಿಗಳಿಗೆ ಸಡಿಲವಾಯಿತು. ಇನ್ನೊಂದು, ಸಣ್ಣ ಕ್ಲಬ್ಬಿನ ಹುಡುಗನನ್ನು ದೊಡ್ಡ ಕ್ಲಬ್ಬು ಕರೆದೊಯ್ದರೆ ಕೊಡಬೇಕಾದ ಪರಿಹಾರಕ್ಕೆ ನಿಗದಿತ ದರ ಬಂತು. ಆರಂಭದ ದರ ಹೀಗಿತ್ತು: 9ರಿಂದ 11 ವರ್ಷದ ಹಂತದಲ್ಲಿ ತರಬೇತಿ ಕೊಟ್ಟ ಪ್ರತಿ ವರ್ಷಕ್ಕೆ 3,000 ಪೌಂಡ್. 12ರಿಂದ 16ರ ಹಂತದಲ್ಲಿ ಅಕಾಡೆಮಿಯ ದರ್ಜೆ ನೋಡಿ ವರ್ಷಕ್ಕೆ 12,500ರಿಂದ 40,000 ಪೌಂಡ್. ಮುಂದೆ ಹುಡುಗ ಹಿರಿಯರ ತಂಡದಲ್ಲಿ ಆಡಿದರೆ ಇನ್ನಷ್ಟು ಹಣ ಬರಬಹುದು. ಹಿಂದೆ ನ್ಯಾಯಮಂಡಳಿಯ ಮುಂದೆ ವಾದಿಸಿ ಪಡೆಯಬಹುದಾಗಿದ್ದ ಮೊತ್ತಕ್ಕೆ ಹೋಲಿಸಿದರೆ ಇದು ಅಲ್ಪ ಎಂದು ಕೆಳದರ್ಜೆಯ ಕ್ಲಬ್ಬುಗಳು ಗೊಣಗಿದವು. ಆದರೂ 2011ರ ಅಕ್ಟೋಬರ್‌ನಲ್ಲಿ ನಡೆದ ಮತದಾನದಲ್ಲಿ 46 ಕ್ಲಬ್ಬುಗಳು ಒಪ್ಪಿದವು, 22 ವಿರೋಧಿಸಿದವು.

ಪರಿಣಾಮಕ್ಕೆ ಲಂಡನ್ನಿನ ಬ್ರೆಂಟ್‌ಫರ್ಡ್ ಉದಾಹರಣೆ. ತಾನು ಬೆಳೆಸಿದ ಒಳ್ಳೆಯ ಹುಡುಗರು ಹಿರಿಯರ ತಂಡ ಮುಟ್ಟುವ ಮೊದಲೇ ದೊಡ್ಡ ಕ್ಲಬ್ಬುಗಳ ಪಾಲಾಗುವುದನ್ನು ಕಂಡ ಆ ಕ್ಲಬ್ಬು 2016ರಲ್ಲಿ ಅಕಾಡೆಮಿಯ ಬಾಗಿಲನ್ನೇ ಮುಚ್ಚಿತು! ಅದರ ಬದಲು, ಇತರ ಕ್ಲಬ್ಬುಗಳು ಬೇಡವೆಂದು ಬಿಟ್ಟ 17–20ರ ವಯಸ್ಸಿನವರನ್ನು ಕಟ್ಟಿಕೊಂಡು ಎರಡನೇ ತಂಡ ಮಾಡಿತು. ಇದರಿಂದ ಕ್ಲಬ್ಬಿಗೆ ನಷ್ಟವಾಗಲಿಲ್ಲ. 2021ರಲ್ಲಿ ಅದು ಪ್ರೀಮಿಯರ್ ಲೀಗನ್ನೂ ತಲುಪಿತು. ಮತ್ತೆ ಅಕಾಡೆಮಿ ತೆರೆದದ್ದು 2022ರಲ್ಲಿ. ನಡುವಿನ ಆರು ವರ್ಷ ಆ ಬಡಾವಣೆಯ ಎಂಟು, ಹತ್ತು ವರ್ಷದ ಮಕ್ಕಳಿಗೆ ತಮ್ಮೂರ ಕ್ಲಬ್ಬಿನಲ್ಲಿ ಕಲಿಯುವ ದಾರಿ ಇರಲಿಲ್ಲ. ಕ್ಲಬ್ಬಿನ ಲೆಕ್ಕದಲ್ಲಿ ಅದು ಉಳಿತಾಯ. ಮಕ್ಕಳ ಲೆಕ್ಕದಲ್ಲಿ?

ಮತ್ತೊಂದು ಕಾರಣವೂ ಸೇರಿಕೊಂಡಿತು. ಬ್ರಿಟನ್ ಯೂರೋಪಿನ ಒಕ್ಕೂಟ ಬಿಟ್ಟ ಮೇಲೆ, 2021ರಿಂದ ಇಂಗ್ಲಿಷ್ ಕ್ಲಬ್ಬುಗಳು 18 ವರ್ಷದೊಳಗಿನ ವಿದೇಶಿ ಆಟಗಾರರನ್ನು ಸೇರಿಸಿಕೊಳ್ಳುವಂತಿಲ್ಲ. ಸ್ಪೇನ್, ಫ್ರಾನ್ಸಿನ ಹದಿನಾರರ ಹುಡುಗರ ಮೇಲಿದ್ದ ಕಣ್ಣು ಈಗ ಸ್ವದೇಶದ ಸಣ್ಣ ಊರುಗಳ ಮೇಲೆ ಬಿದ್ದಿದೆ.

ಎಳೆಯರಿಗೆ ನೆರವಾಗಬಹುದಾಗಿದ್ದ ನಿಯಮವೊಂದೂ ಬಂದು ಹೋಯಿತು. 2020ರ ಆಗಸ್ಟ್‌ನಲ್ಲಿ ಮೂರನೇ ಮತ್ತು ನಾಲ್ಕನೇ ದರ್ಜೆಯ ಕ್ಲಬ್ಬುಗಳು ಸಂಬಳಕ್ಕೆ ನೇರ ಮಿತಿ ಹಾಕಿಕೊಂಡವು. ಮೂರನೇ ದರ್ಜೆಯಲ್ಲಿ ವರ್ಷಕ್ಕೆ 25 ಲಕ್ಷ ಪೌಂಡ್, ನಾಲ್ಕನೆಯದರಲ್ಲಿ 15 ಲಕ್ಷ. 21 ವರ್ಷದೊಳಗಿನವರ ಸಂಬಳ ಇದಕ್ಕೆ ಸೇರುತ್ತಿರಲಿಲ್ಲ. ಅಂದರೆ ಎಳೆಯರನ್ನು ಆಡಿಸಿದರೆ ಲಾಭ. ಆದರೆ ತಮ್ಮೊಡನೆ ಸರಿಯಾಗಿ ಚರ್ಚಿಸಿಲ್ಲ ಎಂದು ಆಟಗಾರರ ಸಂಘ ಪ್ರಶ್ನಿಸಿತು. ಪಂಚಾಯಿತಿ ಸಂಘದ ಪರವಾಗಿ ತೀರ್ಪು ಕೊಟ್ಟು, 2021ರ ಫೆಬ್ರುವರಿಯಲ್ಲಿ ಆ ಮಿತಿ ರದ್ದಾಯಿತು. ದುಡಿಯುವವನ ಕೂಲಿಗೆ ಅವನನ್ನು ಕೇಳದೆ ಮಿತಿ ಹಾಕುವುದು ಸರಿಯಲ್ಲ ಎಂಬ ಅವರ ಮಾತನ್ನು ತಳ್ಳಿಹಾಕುವಂತೆಯೂ ಇಲ್ಲ.

ಪುಣೆಯ ಮಾಲೀಕರು, ಬ್ಲ್ಯಾಕ್‌ಬರ್ನ್ ಹುಡುಗ

ಈ ಕತೆಗೆ ನಮ್ಮ ದೇಶದ ನಂಟೂ ಒಂದಿದೆ. 1995ರಲ್ಲಿ ಪ್ರೀಮಿಯರ್ ಲೀಗ್ ಗೆದ್ದ ಬ್ಲ್ಯಾಕ್‌ಬರ್ನ್ ರೋವರ್ಸ್ ಕ್ಲಬ್ಬು 2010ರ ನವೆಂಬರ್‌ನಿಂದ ಪುಣೆಯ ವೆಂಕೀಸ್ ಬಳಗದ ಒಡೆತನದಲ್ಲಿದೆ. ಅದು 2012ರಲ್ಲಿ ಎರಡನೇ ದರ್ಜೆಗೆ ಇಳಿಯಿತು. ಬ್ಲ್ಯಾಕ್‌ಬರ್ನ್ 1995ರಲ್ಲಿ ಗೆದ್ದದ್ದು ಊರಿನವರೇ ಆದ ಉಕ್ಕಿನ ಉದ್ಯಮಿ ಜಾಕ್ ವಾಕರ್ ಸುರಿದ ಹಣದಿಂದ. ಇಂದಿನ ನಿಯಮಗಳಿದ್ದರೆ ಅವರು ಹಾಗೆ ಸುರಿಯುವಂತಿರಲಿಲ್ಲ. ಸಣ್ಣ ಊರಿನ ಕ್ಲಬ್ಬು ಒಬ್ಬ ಧಣಿಯ ಬಲದಿಂದ ಚಾಂಪಿಯನ್ ಆಗುವ ಬಾಗಿಲು ಮುಚ್ಚಿದೆ ಎಂಬುದು ನಿಯಮದ ಟೀಕಾಕಾರರ ದೊಡ್ಡ ದೂರು. ಧಣಿ ಕೈಕೊಟ್ಟರೆ ಕ್ಲಬ್ಬಿನ ಗತಿ ಬರಿಯಂತೆ ಆಗುವುದೂ ತಪ್ಪಿದೆ ಎಂಬುದು ಬೆಂಬಲಿಗರ ಉತ್ತರ.

ಬ್ಲ್ಯಾಕ್‌ಬರ್ನ್‌ನಲ್ಲೇ ಹುಟ್ಟಿ, ಎಳೆಯ ವಯಸ್ಸಿನಿಂದ ಅಲ್ಲಿನ ಅಕಾಡೆಮಿಯಲ್ಲೇ ಬೆಳೆದವನು ಆಡಂ ವಾರ್ಟನ್. 2024ರ ಫೆಬ್ರುವರಿಯಲ್ಲಿ, ಋತುವಿನ ನಟ್ಟನಡುವೆ, ಸುಮಾರು 1 ಕೋಟಿ 80 ಲಕ್ಷ ಪೌಂಡ್‌ಗೆ ಅವನನ್ನು ಕ್ರಿಸ್ಟಲ್ ಪ್ಯಾಲೇಸ್‌ಗೆ ಮಾರಲಾಯಿತು. ನಾಲ್ಕೇ ತಿಂಗಳಲ್ಲಿ ಅವನು ಇಂಗ್ಲೆಂಡ್ ತಂಡದಲ್ಲಿದ್ದ. ಬ್ಲ್ಯಾಕ್‌ಬರ್ನ್ ಆ ಋತುವಿನಲ್ಲಿ ಕೆಳಗಿಳಿಯುವ ಭೀತಿಯನ್ನು ಕೊನೆಯ ದಿನದವರೆಗೂ ಅನುಭವಿಸಿತು. ಹುಡುಗನಿಗೆ ಒಳ್ಳೆಯದಾಯಿತು, ಅದನ್ನು ಅಲ್ಲಗಳೆಯಲಾಗದು. ಮಾರಾಟವಾದ ಪ್ರತಿ ಹುಡುಗನೂ ದುಃಖಿ ಎಂದು ಭಾವಿಸಿದರೆ ತಪ್ಪಾಗುತ್ತದೆ.

ಬೆಳೆಸಿದವರ ಋಣ

ಹಾಗಾದರೆ ಬೆಳೆಸಿದ ಕ್ಲಬ್ಬಿಗೆ ಸಿಗುವುದೇನು? ವಿಶ್ವ ಫುಟ್‌ಬಾಲ್ ಸಂಸ್ಥೆ ಫೀಫಾ 2001ರಲ್ಲಿ ಒಂದು ಒಳ್ಳೆಯ ಪದ್ಧತಿ ತಂದಿತು. ಆಟಗಾರ ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಹಣಕ್ಕೆ ವರ್ಗವಾದಾಗಲೆಲ್ಲ ಆ ಮೊತ್ತದ ಶೇ 5ರಷ್ಟನ್ನು ಅವನಿಗೆ 12ರಿಂದ 23ನೇ ವಯಸ್ಸಿನವರೆಗೆ ತರಬೇತಿ ಕೊಟ್ಟ ಕ್ಲಬ್ಬುಗಳಿಗೆ ಹಂಚಬೇಕು. 12ರಿಂದ 15ರವರೆಗಿನ ಪ್ರತಿ ವರ್ಷಕ್ಕೆ ಒಟ್ಟು ಬೆಲೆಯ ಶೇ 0.25, ಆನಂತರದ ಪ್ರತಿ ವರ್ಷಕ್ಕೆ ಶೇ 0.5.

2023ರಲ್ಲಿ ಬೆಲ್ಲಿಂಗ್‌ಹ್ಯಾಂ ಡಾರ್ಟ್‌ಮುಂಡ್‌ನಿಂದ ರಿಯಲ್ ಮ್ಯಾಡ್ರಿಡ್‌ಗೆ ಹೋದ. ಮೂಲ ಬೆಲೆ 10 ಕೋಟಿ 30 ಲಕ್ಷ ಯೂರೋ. ಅವನು 12ರಿಂದ 17ನೇ ಹುಟ್ಟುಹಬ್ಬದವರೆಗೆ ಇದ್ದದ್ದು ಬರ್ಮಿಂಗ್‌ಹ್ಯಾಂನಲ್ಲಿ. ಮೇಲಿನ ಸೂತ್ರದಂತೆ ಗುಣಿಸಿ ನೋಡಿ: ನಾಲ್ಕು ಕಾಲುಗಳು ಸೇರಿ ಶೇ 1, ಎರಡು ಅರ್ಧಗಳು ಸೇರಿ ಶೇ 1, ಒಟ್ಟು ಶೇ 2. ಅಂದರೆ 20 ಲಕ್ಷ ಯೂರೋಗೂ ತುಸು ಹೆಚ್ಚು. ಸಣ್ಣ ಕ್ಲಬ್ಬಿಗೆ ಇದು ದೊಡ್ಡ ಮೊತ್ತವೇ. ಈ ಹಣ ಸಣ್ಣ ಕ್ಲಬ್ಬುಗಳನ್ನು ತಪ್ಪದೆ ತಲುಪಲೆಂದು 2022ರ ನವೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಒಂದು ಪ್ರತ್ಯೇಕ ಹಣ ವಿಲೇವಾರಿ ಕೇಂದ್ರವೇ ಕೆಲಸ ಆರಂಭಿಸಿತು.

ಇಂಗ್ಲೆಂಡಿನಲ್ಲಿ ಹಳೆಯ ನಷ್ಟದ ಮಿತಿಗೂ ಬದಲಾವಣೆ ಬಂದಿದೆ. 2025ರ ನವೆಂಬರ್‌ನಲ್ಲಿ ಪ್ರೀಮಿಯರ್ ಲೀಗ್ ಕ್ಲಬ್ಬುಗಳು ಹೊಸ ಕ್ರಮಕ್ಕೆ ಒಪ್ಪಿಗೆ ಕೊಟ್ಟವು. 2026–27ರ ಋತುವಿನಿಂದ ಆಟಗಾರರ ಮೇಲಿನ ವೆಚ್ಚ ಕ್ಲಬ್ಬಿನ ಫುಟ್‌ಬಾಲ್ ಗಳಿಕೆಯ ಶೇ 85 ಮೀರಬಾರದು ಎಂಬುದು ಅದರ ಸಾರ. ಆದರೆ ಆಟಗಾರರ ಮಾರಾಟದ ಲಾಭವೂ ಈ ಗಳಿಕೆಗೆ ಸೇರುತ್ತದೆ. ಹಿತ್ತಲ ಗಿಡ ಸಂತೆಗೆ ಹೋಗುವುದು ನಿಲ್ಲುವ ಸೂಚನೆ ಇಲ್ಲ. ಅದಲ್ಲದೆ ನೂರು ರೂಪಾಯಿ ಗಳಿಸುವವನಿಗೆ ಎಂಬತ್ತೈದು, ಹತ್ತು ರೂಪಾಯಿ ಗಳಿಸುವವನಿಗೆ ಎಂಟೂವರೆ. ಅಂತರ ಹಾಗೆಯೇ ಉಳಿಯುತ್ತದೆ. 2025ರ ಜುಲೈನಲ್ಲಿ ಬ್ರಿಟಿಷ್ ಸಂಸತ್ತು ಫುಟ್‌ಬಾಲ್ ಮೇಲ್ವಿಚಾರಣೆಗೆ ಸ್ವತಂತ್ರ ನಿಯಂತ್ರಕರನ್ನು ನೇಮಿಸುವ ಕಾಯಿದೆಯನ್ನೂ ತಂದಿದೆ. ಬರಿಯಂಥ ಇನ್ನೊಂದು ಕ್ಲಬ್ಬು ಮುಳುಗದಂತೆ ಅದು ನೋಡಿಕೊಂಡರೆ ಅಷ್ಟರಮಟ್ಟಿಗೆ ಒಳ್ಳೆಯದು.

ಪಾಲಕರೇ, ಇದನ್ನು ಗಮನಿಸಿ

ಇಷ್ಟೆಲ್ಲ ಇಂಗ್ಲೆಂಡಿನ ಮಾತು ನಮಗೇಕೆ ಎನ್ನಬೇಡಿ. ಚೆಂಡಿನ ಹಿಂದೆ ಓಡುವ ಮಗ, ಮಗಳು ನಿಮ್ಮ ಮನೆಯಲ್ಲೂ ಇರಬಹುದು. ಕೆಲವು ಸಂಗತಿಗಳು ಎಲ್ಲ ದೇಶಕ್ಕೂ ಅನ್ವಯಿಸುತ್ತವೆ.

ಫೀಫಾ ನಿಯಮದಂತೆ 18 ವರ್ಷದೊಳಗಿನ ಆಟಗಾರರನ್ನು ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ವರ್ಗಾಯಿಸುವಂತಿಲ್ಲ. ತಂದೆತಾಯಿ ಫುಟ್‌ಬಾಲಿಗೆ ಸಂಬಂಧವಿಲ್ಲದ ಕಾರಣಕ್ಕೆ ದೇಶ ಬದಲಿಸಿದಾಗ ಮುಂತಾದ ಕೆಲವೇ ವಿನಾಯಿತಿಗಳಿವೆ. ಹದಿನಾಲ್ಕರ ಮಗನಿಗೆ ವಿದೇಶಿ ಕ್ಲಬ್ಬಿನಲ್ಲಿ ಒಪ್ಪಂದ ಕೊಡಿಸುತ್ತೇನೆ, ಮುಂಗಡ ಹಣ ಕೊಡಿ ಎಂದು ಯಾರಾದರೂ ಬಂದರೆ ಈ ಸಾಲನ್ನು ನೆನಪಿಸಿಕೊಳ್ಳಿ.

ಮಗು ಯಾವ ಕ್ಲಬ್ಬಿನಲ್ಲಿ, ಯಾವ ವರ್ಷದಿಂದ ನೋಂದಣಿಯಾಗಿದೆ ಎಂಬ ದಾಖಲೆ ಸರಿಯಾಗಿರಲಿ. 12ನೇ ವಯಸ್ಸಿನಿಂದ ತರಬೇತಿ ಕೊಟ್ಟ ಊರ ಕ್ಲಬ್ಬಿಗೆ ಮುಂದೊಂದು ದಿನ ಪಾಲು ಸಿಗಬೇಕಾದರೆ ಆ ಕಾಗದವೇ ಆಧಾರ.

ಮತ್ತೆ, ಓದು. ಇಂಗ್ಲೆಂಡಿನ ಅಕಾಡೆಮಿಗಳಲ್ಲೂ 16ರ ನಂತರದ ಎರಡು ವರ್ಷದ ತರಬೇತಿಯ ಜೊತೆಗೆ ಶಿಕ್ಷಣ ಇದ್ದೇ ಇರುತ್ತದೆ. ಬೆಲ್ಲಿಂಗ್‌ಹ್ಯಾಂ ಕೂಡ ಬರ್ಮಿಂಗ್‌ಹ್ಯಾಂನಲ್ಲಿದ್ದಾಗ ಕಾಲೇಜಿನ ಕೋರ್ಸಿಗೆ ಸೇರಿದ್ದ. ಅಕಾಡೆಮಿ ಸೇರುವ ಮಕ್ಕಳಲ್ಲಿ ಬಹುಪಾಲು ಜನ ವೃತ್ತಿಪರ ಆಟಗಾರರಾಗುವುದಿಲ್ಲ. ಹಾಗೆ ಹೊರಬಿದ್ದವರಿಗೆ ಮೂರು ವರ್ಷ ನೆರವಾಗುವ ಯೋಜನೆಯನ್ನು ಕ್ರಿಸ್ಟಲ್ ಪ್ಯಾಲೇಸ್ 2021ರಲ್ಲಿ ಆರಂಭಿಸಿತು ಎಂದರೆ, ಹೊರಬೀಳುವ ನೋವು ಎಷ್ಟು ಸಾಮಾನ್ಯ ಎಂದು ಊಹಿಸಬಹುದು. ಆಟ ಕೈಬಿಟ್ಟ ದಿನ ಕೈ ಹಿಡಿಯಲು ಇನ್ನೊಂದು ವಿದ್ಯೆ ಇರಲೇಬೇಕು.

ಕೊನೆಗೆ ಬರ್ಮಿಂಗ್‌ಹ್ಯಾಂಗೇ ಮರಳೋಣ. ಆ ಕ್ಲಬ್ಬು 2024ರಲ್ಲಿ ಮೂರನೇ ದರ್ಜೆಗೆ ಇಳಿದು, ಮರುವರ್ಷವೇ 111 ಅಂಕಗಳ ದಾಖಲೆ ಮಾಡಿ ಮೇಲೆದ್ದಿತು. ಒಂದು ಹುಡುಗನ ಮಾರಾಟದಿಂದ ಕ್ಲಬ್ಬು ಸಾಯಲಿಲ್ಲ, ಬದುಕಿತು ಎನ್ನಬಹುದು. ಆದರೆ ಊರಿನ ಎಂಟು ವರ್ಷದ ಹುಡುಗ ನೀಲಿ ಅಂಗಿ ತೊಟ್ಟು ಅಕಾಡೆಮಿಯ ಗೇಟು ದಾಟುವಾಗ ಕನಸು ಕಾಣುವುದು ತನ್ನೂರ ಮೈದಾನದಲ್ಲಿ, ತನ್ನೂರ ಜನರ ಎದುರು ಆಡುವುದನ್ನು. ಆ ಕನಸು ಒಂದೇ ಒಂದು ಋತುವಿಗಿಂತ ತುಸು ಹೆಚ್ಚು ಕಾಲ ಉಳಿಯುವಂತೆ ಮಾಡುವ ನಿಯಮ ಇನ್ನೂ ಬಂದಿಲ್ಲ.